ಗ್ಯಾಲರಿಯ ಗದ್ದಲದಲ್ಲಿ ಕಿವಿಯ ಗತಿ

ನಿಮ್ಮ ಮನೆಯ ಮಗನೋ ಮಗಳೋ, ಅಣ್ಣನ ಮಕ್ಕಳೋ ಓದಲೆಂದು ಅಮೆರಿಕದ ಮಿನ್ನೆಸೋಟಾ, ಮಿಷಿಗನ್, ಬೋಸ್ಟನ್, ನ್ಯೂಯಾರ್ಕ್ ಕಡೆ ಹೋಗಿದ್ದಾರೆಯೇ? ಹಾಗಿದ್ದರೆ ಮೊದಲ ಚಳಿಗಾಲದಲ್ಲೇ ಸಹಪಾಠಿಗಳು ಅವರನ್ನು ಹಾಕಿ ಪಂದ್ಯಕ್ಕೆ ಕರೆದೊಯ್ಯುತ್ತಾರೆ ಎಂದು ತಿಳಿದುಕೊಳ್ಳಿ. ಅಲ್ಲಿ ಹಾಕಿ ಎಂದರೆ ನಾವು ಮೈದಾನದಲ್ಲಿ ನೋಡುವ ಹಾಕಿ ಅಲ್ಲ. ಮುಚ್ಚಿದ ಕಟ್ಟಡದೊಳಗೆ ಮಂಜುಗಡ್ಡೆಯ ನೆಲದ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಆಟ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಋತು. ಊರಿನ ಚಳಿ ಶೂನ್ಯಕ್ಕಿಂತ ಕೆಳಗಿಳಿದಾಗ ವಿದ್ಯಾರ್ಥಿಗಳಿಗೆ ಬೆಚ್ಚಗೆ ಒಟ್ಟಿಗೆ ಕೂತು ಕೂಗಾಡಲು ಸಿಗುವ ಜಾಗ ಅದೇ.

ಆ ಕೂಗಾಟದ ಬಗ್ಗೆಯೇ ಈ ಲೇಖನ. ಆಟದ ಮಜಾ ಕೆಡಿಸುವ ಉದ್ದೇಶ ಖಂಡಿತ ಇಲ್ಲ. ಆದರೆ ಎರಡೂವರೆ ಗಂಟೆಯ ಪಂದ್ಯ ಮುಗಿಸಿ ಹೊರಬಂದ ಹುಡುಗ ಫೋನಿನಲ್ಲಿ "ಉಮ್ಮ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆ" ಎಂದರೆ, ಅದನ್ನು ನಗುತ್ತಾ ತಳ್ಳಿಹಾಕುವ ಮೊದಲು ಆ ಗುಂಯ್ ಏನೆಂದು ಮನೆಯವರಿಗೂ ಗೊತ್ತಿರಲಿ.

ಪೀಪಿ, ಗಂಟೆ, ಹಾರ್ನ್

ಅಲ್ಲಿನ ಪ್ರತಿಯೊಂದು ಕಾಲೇಜಿಗೂ ಗದ್ದಲ ಮಾಡುವ ತನ್ನದೇ ರೂಢಿ ಇದೆ. ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದ ಲೈನಾ ರಿಂಕ್ ಎಂಬ ಕ್ರೀಡಾಂಗಣ 1957ರಲ್ಲಿ ತೆರೆದದ್ದು. ನಾಲ್ಕು ಸಾವಿರ ಚಿಲ್ಲರೆ ಮಂದಿ ಕೂರುವ ಸಣ್ಣ ಜಾಗ, ತಗ್ಗಿನ ಸೂರು. ಅಲ್ಲಿ ದನದ ಕೊರಳಗಂಟೆಯ ತಾಳಕ್ಕೆ ಗ್ಯಾಲರಿ ಕೂಗುವುದು ಹಳೆಯ ಸಂಪ್ರದಾಯ. ಎದುರಾಳಿ ತಂಡದ ಆಟಗಾರರ ಹೆಸರು ಹೇಳುವಾಗ ಅದೇ ಅಭಿಮಾನಿಗಳು ದಿನಪತ್ರಿಕೆ ಬಿಚ್ಚಿ ಓದುವ ನಟನೆ ಮಾಡುತ್ತಾರೆ, ಬೇಸರ ಬಂದವರ ಹಾಗೆ ಪುಟಗಳನ್ನು ಸರಬರ ಮಾಡುತ್ತಾರೆ. ಕಿವಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಕ್ಷೇಮದ ಅಣಕ ಇನ್ನೊಂದಿಲ್ಲ!

ಎಲ್ಲರೂ ಕಾಗದದಲ್ಲೇ ತೃಪ್ತರಾಗುವುದಿಲ್ಲ. ಅನಿಲ ತುಂಬಿದ ಡಬ್ಬಿಯ ಏರ್ ಹಾರ್ನ್, ಪ್ಲಾಸ್ಟಿಕ್ ಕಹಳೆ, ಸೀಟಿ, ಗಾಳಿ ತುಂಬಿ ಒಂದಕ್ಕೊಂದು ಬಡಿಯುವ ಉದ್ದನೆಯ ಕೋಲು, ಮೆಗಾಫೋನ್ ಎಲ್ಲವೂ ಆಟದ ಲೋಕದಲ್ಲಿವೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ತನ್ನ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಪ್ರೇಕ್ಷಕರು ಇಂಥ ಕೃತಕ ಸದ್ದಿನ ಸಾಧನಗಳನ್ನು, ಏರ್ ಹಾರ್ನ್‌ಗಳನ್ನು, ಧ್ವನಿವರ್ಧಕಗಳನ್ನು ತರುವುದನ್ನು ಒಪ್ಪುವುದಿಲ್ಲ. ಹಲವು ಕಾಲೇಜುಗಳ ಕ್ರೀಡಾಂಗಣದ ಬಾಗಿಲಲ್ಲೂ ನಿಷೇಧಿತ ವಸ್ತುಗಳ ಪಟ್ಟಿ ಇರುತ್ತದೆ, ಅದರಲ್ಲಿ ಹಾರ್ನ್, ಸೀಟಿಗಳ ಹೆಸರು ಕಾಣುತ್ತದೆ. ಕಾಲೇಜಿನ ವಾದ್ಯವೃಂದಕ್ಕೆ ನುಡಿಸಲು ಅವಕಾಶ ಇದೆ, ಆದರೆ ಆಟ ನಿಂತಾಗ ಮಾತ್ರ.

ಗಂಟೆಯ ಜಗಳ ಹಾಕಿಗಷ್ಟೇ ಸೀಮಿತವಲ್ಲ. ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಭಿಮಾನಿಗಳು ದನದ ಗಂಟೆ ಬಾರಿಸುವುದಕ್ಕೆ ಪ್ರಸಿದ್ಧರು. 1974ರಲ್ಲಿ ಅವರ ವಲಯದ ಕಾಲೇಜು ಒಕ್ಕೂಟ ಕೃತಕ ಸದ್ದಿನ ಸಾಧನಗಳನ್ನು ನಿಷೇಧಿಸಿತು. ಜನ ಬಿಡಲಿಲ್ಲ, ಕೋಟಿನೊಳಗೆ ಬಚ್ಚಿಟ್ಟು ತಂದರು. ಕೊನೆಗೆ 2010ರಲ್ಲಿ ರಾಜಿ ಆಯಿತು: ಪಂದ್ಯಕ್ಕೆ ಮೊದಲು, ವಿರಾಮದಲ್ಲಿ, ಅಂಕ ಬಂದಾಗ ಬಾರಿಸಿ, ಆಟ ನಡೆಯುವಾಗ ಬೇಡ. ನಿಯಮ ಮುರಿದರೆ ವಿಶ್ವವಿದ್ಯಾಲಯಕ್ಕೆ ದಂಡ.

ನಿಯಮ ಯಾಕೆ ಬಂತು ಎಂಬುದನ್ನು ಗಮನಿಸಿ. ಹಾಕಿಯಲ್ಲಿ ಆಟ ನಿಲ್ಲುವುದು ರೆಫ್ರಿಯ ಸೀಟಿಗೆ. ಗಂಟೆಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಮಂಜಿನ ಮೇಲೆ ಜಾರಿ ಬರುವ ಆಟಗಾರ, ಗ್ಯಾಲರಿಯಲ್ಲಿ ಯಾರೋ ಊದಿದ ಸೀಟಿ ಕೇಳಿ ನಿಂತುಬಿಟ್ಟರೆ, ಹಿಂದೆ ಬರುವವನು ನಿಲ್ಲದೆ ಬಂದು ಗುದ್ದುತ್ತಾನೆ. ಏರ್ ಹಾರ್ನ್ ಸದ್ದು ಅವಧಿ ಮುಗಿದ ಸೈರನ್‌ನಂತೆಯೇ ಇರುತ್ತದೆ. ಬೆನ್ನ ಹಿಂದಿನಿಂದ ಎದುರಾಳಿ ಬರುತ್ತಿದ್ದಾನೆ ಎಂದು ಜೊತೆಯವನು ಕೂಗಿದ್ದು ಕೇಳದಿದ್ದರೂ ಅಪಾಯವೇ. ಹಾಗಾಗಿ ಈ ನಿಯಮ ಆಟದ ನ್ಯಾಯಕ್ಕಾಗಿ, ಆಟಗಾರರ ಸುರಕ್ಷತೆಗಾಗಿ ಬಂದದ್ದು. ಮಂಜಿನ ಮೇಲೆ ವಸ್ತುಗಳನ್ನು ಎಸೆಯಬಾರದು ಎಂಬ ನಿಯಮವೂ ಹಾಗೆಯೇ. ಎಚ್ಚರಿಕೆ ಕೊಟ್ಟ ಮೇಲೂ ಎಸೆದರೆ ಆತಿಥೇಯ ತಂಡವೇ ಶಿಕ್ಷೆ ಅನುಭವಿಸಬೇಕು.

ಅಂದರೆ, ಪ್ರೇಕ್ಷಕನ ಕಿವಿಯನ್ನು ಕಾಪಾಡಲೆಂದು ಈ ನಿಯಮ ಬರೆದದ್ದಲ್ಲ. ಕೈಯಲ್ಲಿರುವ ಪೀಪಿಯನ್ನು ಬಾಗಿಲಲ್ಲಿ ಕಿತ್ತುಕೊಂಡವರು ಒಳಗೆ ದೊಡ್ಡ ದೊಡ್ಡ ಸ್ಪೀಕರುಗಳಲ್ಲಿ ಸಂಗೀತ ಹಾಕುತ್ತಾರೆ. ಗೋಲು ಬಿದ್ದರೆ ಹಡಗಿನ ಭೋಂಕಾರದಂಥ ಹಾರ್ನ್ ಮೊಳಗುತ್ತದೆ. ಈ ಗೋಲ್ ಹಾರ್ನ್ 1973ರಲ್ಲಿ ಷಿಕಾಗೋದ ವೃತ್ತಿಪರ ತಂಡ ಶುರುಮಾಡಿದ್ದು, ತಂಡದ ಮಾಲೀಕನಿಗೆ ತನ್ನ ವಿಹಾರ ನೌಕೆಯ ಹಾರ್ನ್ ಸದ್ದು ಇಷ್ಟವಾಗಿತ್ತಂತೆ. ಈಗ ಕಾಲೇಜು ಕ್ರೀಡಾಂಗಣಗಳಲ್ಲೂ ಅದು ಮಾಮೂಲು. ಇನ್ನು ಜನರ ಗಂಟಲಿಗಂತೂ ಯಾವ ನಿಯಮವೂ ಇಲ್ಲ. ಹೊರಗಿನ ಮೈದಾನದಲ್ಲಾದರೆ ಸದ್ದು ಆಕಾಶಕ್ಕೆ ಹೋಗುತ್ತದೆ. ಇಲ್ಲಿ ಮಂಜುಗಡ್ಡೆ, ಸುತ್ತಲಿನ ಗಾಜಿನಂಥ ಪ್ಲಾಸ್ಟಿಕ್ ಗೋಡೆ, ಕಾಂಕ್ರೀಟ್, ತಗಡಿನ ಸೂರು ಎಲ್ಲವೂ ಅದನ್ನು ವಾಪಸ್ ಎಸೆಯುತ್ತವೆ.

ಎಷ್ಟು ಸದ್ದು, ಎಷ್ಟು ಹೊತ್ತು

ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಈ ಅಳತೆ ನಮ್ಮ ಕಿಲೋ, ಮೀಟರುಗಳ ಹಾಗಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟು. 85 ಮತ್ತು 100 ನೋಡಲು ಹತ್ತಿರದ ಸಂಖ್ಯೆಗಳು. ಆದರೆ ಕಿವಿಯ ಮೇಲೆ ಬೀಳುವ ಹೊರೆ ಮೂವತ್ತು ಪಟ್ಟಿಗೂ ಹೆಚ್ಚು.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಕೆಲಸಗಾರರಿಗೆ ಹೇಳಿರುವ ಮಿತಿ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ. 88 ಆದರೆ 4 ಗಂಟೆ. 91 ಆದರೆ 2 ಗಂಟೆ, 94 ಆದರೆ ಒಂದೇ ಗಂಟೆ. 100 ಡೆಸಿಬೆಲ್ ಮುಟ್ಟಿದರೆ ಬರೀ 15 ನಿಮಿಷ. ಮುಂದೆ ಪ್ರತಿ ಮೂರು ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ.

ಈ ಲೆಕ್ಕವನ್ನು ಹಾಕಿ ಪಂದ್ಯಕ್ಕೆ ಹಾಕಿ ನೋಡಿದವರಿದ್ದಾರೆ. 2006ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ವೃತ್ತಿಪರ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿಯ ಮೂರು ಪಂದ್ಯಗಳಿಗೆ ಹೋದ ಸಂಶೋಧಕರು ಕಿವಿಯ ಬಳಿ ಅಳತೆಯ ಸಾಧನ ಸಿಕ್ಕಿಸಿಕೊಂಡು ಕೂತರು. ಮೂರೂ ಪಂದ್ಯಗಳ ಸರಾಸರಿ 100 ಡೆಸಿಬೆಲ್ ದಾಟಿತ್ತು, ಒಂದರಲ್ಲಿ 104. ಆ ಪಂದ್ಯದಲ್ಲಿ ಇಡೀ ದಿನಕ್ಕೆ ಸಲ್ಲುವ ಸದ್ದಿನ ಪಾಲು ಆರು ನಿಮಿಷದೊಳಗೆ ಮುಗಿದಿತ್ತು, ಪಂದ್ಯ ನಡೆದದ್ದು ಮೂರು ಗಂಟೆ. ಪಂದ್ಯದ ಮೊದಲು ಮತ್ತು ನಂತರ ಕಿವಿ ಪರೀಕ್ಷಿಸಿದಾಗ ಕೇಳುವ ಶಕ್ತಿ ಕುಗ್ಗಿದ್ದೂ ಕಂಡಿತು. ಕಾಲೇಜು ಪಂದ್ಯವೆಲ್ಲ ಫೈನಲ್‌ನಷ್ಟು ಜೋರಾಗಿರುವುದಿಲ್ಲ ನಿಜ. ಆದರೆ ವಿಶ್ವವಿದ್ಯಾಲಯದ ಕ್ರೀಡಾಂಗಣವನ್ನೂ ಸೇರಿಸಿ ಅಮೆರಿಕದಲ್ಲಿ ಆಮೇಲೆ ಮಾಡಿದ ಅಳತೆಗಳಲ್ಲೂ ಅನೇಕ ಅಭಿಮಾನಿಗಳು, ಅಲ್ಲೇ ದುಡಿಯುವ ಕೆಲಸಗಾರರು ಮಿತಿ ಮೀರಿದ ಸದ್ದಿಗೆ ಸಿಕ್ಕಿದ್ದರು. ಕೆಲಸಗಾರನಿಗಾದರೆ ಕಾನೂನು ಇದೆ, ಯಜಮಾನ ಜವಾಬ್ದಾರಿ ಹೊರಬೇಕು. ಟಿಕೆಟ್ ಕೊಂಡು ಬಂದವನ ಕಿವಿಗೆ ಅವನೇ ಯಜಮಾನ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಮತ್ತು ಮನರಂಜನೆಯ ಸ್ಥಳಗಳಿಗೆ ಒಂದು ಮಾನದಂಡ ಕೊಟ್ಟಿದೆ. ಯಾವುದೇ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು, ಬಂದವರಿಗೆ ಕಿವಿರಕ್ಷೆ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಜಾಗ ಇರಬೇಕು. ಇದು ಸಲಹೆ, ಕಡ್ಡಾಯವಲ್ಲ. ಅತ್ತ ಕ್ರೀಡಾಲೋಕದಲ್ಲಿ ಇದಕ್ಕೆ ತದ್ವಿರುದ್ಧ ಪೈಪೋಟಿ: 2014ರಲ್ಲಿ ಕಾನ್ಸಾಸ್ ಸಿಟಿಯ ಫುಟ್‌ಬಾಲ್ ಕ್ರೀಡಾಂಗಣದ ಜನಸ್ತೋಮ 142.2 ಡೆಸಿಬೆಲ್ ಕೂಗಿ ಗಿನ್ನೆಸ್ ದಾಖಲೆ ಬರೆಯಿತು. ಅದನ್ನು ಸಾಧನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ಲಾಸ್ಟಿಕ್ ಕಹಳೆಯ ಬಗ್ಗೆ ಎರಡು ಮಾತು. 2010ರ ಫುಟ್‌ಬಾಲ್ ವಿಶ್ವಕಪ್ ನೋಡಿದವರಿಗೆ ದಕ್ಷಿಣ ಆಫ್ರಿಕಾದ ವುವುಝೆಲಾ ನೆನಪಿರಬಹುದು. ಟಿವಿಯಲ್ಲಿ ಜೇನುಗೂಡು ಕೆದಕಿದ ಹಾಗೆ ಕೇಳುತ್ತಿತ್ತು. ಅಲ್ಲಿನ ಸಂಶೋಧಕರು ಅಳೆದಾಗ ಕಹಳೆಯ ಬಾಯಲ್ಲಿ 131 ಡೆಸಿಬೆಲ್, ಎರಡು ಮೀಟರ್ ದೂರದಲ್ಲಿ 113 ಡೆಸಿಬೆಲ್ ಬಂತು. ಗ್ಯಾಲರಿಯಲ್ಲಿ ನಿಮ್ಮ ಹಿಂದಿನ ಸಾಲಿನವರು ಕೂರುವುದು ಎರಡು ಮೀಟರಿಗಿಂತ ಹತ್ತಿರದಲ್ಲೇ! ಅದೇ ವರ್ಷ ಯುರೋಪಿನ ಫುಟ್‌ಬಾಲ್ ಸಂಸ್ಥೆ ತನ್ನ ಪಂದ್ಯಗಳಿಂದ ಅದನ್ನು ಹೊರಗಿಟ್ಟಿತು. ಸ್ವಚ್ಛತೆಯ ಪ್ರಶ್ನೆಯೂ ಇದೆ. 2011ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದಂತೆ ವುವುಝೆಲಾ ಊದಿದಾಗ ಬಾಯಿಂದ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳು ಬರೀ ಕೂಗುವಾಗಿನದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಶೀತ, ಜ್ವರ ಇರುವವರು ಊದಿದರೆ ಸುತ್ತಲಿನವರಿಗೆಲ್ಲ ಅದರ ಪಾಲು. ಒಬ್ಬರು ಊದಿದ್ದನ್ನು ಮತ್ತೊಬ್ಬರು ಬಾಯಿಗಿಡುವುದಂತೂ ಬೇಡವೇ ಬೇಡ. ಮನೆಯಲ್ಲಿ ಮಕ್ಕಳ ಪೀಪಿಗೂ ಈ ಮಾತು ಅನ್ವಯ.

ಕಿವಿಯೊಳಗೆ ಏನಾಗುತ್ತದೆ

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂತೆ ಸುತ್ತಿಕೊಂಡ ಒಂದು ಪುಟ್ಟ ಕೊಳವೆ ಇದೆ. ಅದರೊಳಗೆ ಸುಮಾರು ಹದಿನೈದು ಸಾವಿರ ಕೂದಲ ಜೀವಕೋಶಗಳು. ತಲೆಗೂದಲಿಗೂ ಇವುಗಳಿಗೂ ಸಂಬಂಧ ಇಲ್ಲ. ತುದಿಯಲ್ಲಿ ಸೂಕ್ಷ್ಮ ರೋಮಗಳಿರುವುದರಿಂದ ಆ ಹೆಸರು. ಸದ್ದಿನ ಅಲೆ ಬಂದಾಗ, ಗಾಳಿಗೆ ಭತ್ತದ ಪೈರು ಬಾಗುವ ಹಾಗೆ, ಈ ರೋಮಗಳು ಬಾಗುತ್ತವೆ. ಆಗ ನರದ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ಬಿರುಗಾಳಿಯಾದರೆ ಪೈರು ಮಲಗುತ್ತದೆ. ಕೆಲವು ಮಲಗಿದವು ಮರುದಿನ ಏಳುತ್ತವೆ, ಕೆಲವು ಏಳುವುದಿಲ್ಲ. ಪಂದ್ಯದ ನಂತರ ಕಿವಿ ಹತ್ತಿ ತುರುಕಿದಂತೆ ಮಂದವಾಗುವುದು, ಗುಂಯ್‌ಗುಡುವುದು ಈ ಏಟಿನ ಲಕ್ಷಣ. ಹೆಚ್ಚಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಸರಿಹೋಯಿತಲ್ಲ ಎಂದು ನಾವು ಮರೆಯುವುದೇ ಇಲ್ಲಿನ ತೊಡಕು. ಗದ್ದೆಯಲ್ಲಿ ಮತ್ತೆ ನಾಟಿ ಮಾಡಬಹುದು. ಮನುಷ್ಯನ ಒಳಕಿವಿಯಲ್ಲಿ ಸತ್ತ ಕೂದಲ ಕೋಶ ಮತ್ತೆ ಹುಟ್ಟುವುದಿಲ್ಲ. ಅಷ್ಟೇ ಅಲ್ಲ, 2009ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಶ್ರವಣ ಪರೀಕ್ಷೆ ಮತ್ತೆ ಸರಿಯಾಗಿ ಬಂದ ಮೇಲೂ ಕೂದಲ ಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳು ಶಾಶ್ವತವಾಗಿ ಹಾಳಾಗಿದ್ದವು. ಹೀಗೆ ಪರೀಕ್ಷೆಯಲ್ಲಿ ಕಾಣದ ನಷ್ಟವೂ ಉಂಟು.

ಮೊದಲು ಸಾಯುವುದು ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳು. ಅದರ ಪರಿಣಾಮ ಕನ್ನಡ ಮಾತಿನಲ್ಲಿ ಹೇಗೆ ಕಾಣುತ್ತದೆ ನೋಡಿ. ಅ, ಆ, ಉ ಮುಂತಾದ ಸ್ವರಗಳು ತಗ್ಗಿನ ಸದ್ದು, ಅವು ಚೆನ್ನಾಗಿ ಕೇಳುತ್ತವೆ. ಸ, ಶ, ಹ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಸಣ್ಣ, ಕೀರಲು ಸದ್ದಿನಲ್ಲಿ. ಅವು ಮಸುಕಾದರೆ ಎದುರಿನವರು 'ಹಾಲು' ಎಂದರೋ 'ಕಾಲು' ಎಂದರೋ 'ಸಾಲು' ಎಂದರೋ ತಿಳಿಯುವುದಿಲ್ಲ. "ನನಗೆ ಕೇಳುತ್ತದೆ, ಆದರೆ ಅವರು ಸ್ಪಷ್ಟವಾಗಿ ಮಾತಾಡುವುದಿಲ್ಲ" ಎಂದು ಇಂಥವರು ದೂರುತ್ತಾರೆ. ಮದುವೆ ಮನೆಯಲ್ಲಿ, ತರಗತಿಯಲ್ಲಿ, ನಾಲ್ಕು ಜನ ಒಟ್ಟಿಗೆ ಮಾತಾಡುವಲ್ಲಿ ಹಿಂದೆ ಉಳಿಯುತ್ತಾರೆ. ಇದು ಅಜ್ಜನ ವಯಸ್ಸಿನ ತೊಂದರೆ ಎಂದುಕೊಳ್ಳುತ್ತೇವೆ. ಇಪ್ಪತ್ತರ ಹುಡುಗ ಪ್ರತಿ ವಾರ ಪಂದ್ಯ, ಉಳಿದ ದಿನ ಕಿವಿಗೆ ಇಯರ್‌ಫೋನ್ ಎಂದಿದ್ದರೆ ಮೂವತ್ತೈದಕ್ಕೇ ಅಜ್ಜನ ಕಿವಿ ಬರಬಹುದು. ಹನ್ನೆರಡರಿಂದ ಮೂವತ್ತೈದು ವಯಸ್ಸಿನ ನೂರು ಕೋಟಿಗೂ ಹೆಚ್ಚು ಮಂದಿ ಇಂಥ ಅಪಾಯದಲ್ಲಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹೋಗುವುದಾದರೆ ಹೀಗೆ ಹೋಗಿ

ಪಂದ್ಯಕ್ಕೆ ಹೋಗಬೇಡ ಎಂದು ಮಕ್ಕಳಿಗೆ ಹೇಳುವುದರಲ್ಲಿ ಅರ್ಥ ಇಲ್ಲ. ಪರದೇಶದಲ್ಲಿ ಅವರಿಗೆ ಗೆಳೆತನ ಸಿಗುವುದು ಇಂಥಲ್ಲೇ. ಜೇಬಿನಲ್ಲಿ ಒಂದು ಜೊತೆ ಇಯರ್‌ಪ್ಲಗ್ ಇಟ್ಟುಕೊಳ್ಳಲು ಹೇಳಿ. ಔಷಧಿ ಅಂಗಡಿಯಲ್ಲಿ ಸ್ಪಂಜಿನಂಥ ಮೆತ್ತನೆಯವು ಸಿಗುತ್ತವೆ, ಬೆಲೆ ಕಡಿಮೆ. ಆದರೆ ಹಾಕಿಕೊಳ್ಳುವ ಕ್ರಮ ಹೆಚ್ಚಿನವರಿಗೆ ಗೊತ್ತಿಲ್ಲ. ಕಿವಿಯ ಬಾಗಿಲಲ್ಲಿ ಮುಚ್ಚಳದ ಹಾಗೆ ಸಿಕ್ಕಿಸಿದರೆ ಪ್ರಯೋಜನ ಸೊನ್ನೆ. ಮೊದಲು ಕೈ ತೊಳೆಯಿರಿ. ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿಯಂತೆ ತೆಳ್ಳಗೆ ಹೊಸೆಯಿರಿ. ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿಯ ದಾರಿ ನೇರವಾಗುತ್ತದೆ. ಹೊಸೆದದ್ದನ್ನು ಒಳಗೆ ತೂರಿಸಿ, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ. ಸರಿಯಾಗಿ ಕೂತಿದ್ದರೆ ನಿಮ್ಮ ಮಾತೇ ನಿಮಗೆ ಗವಿಯೊಳಗಿಂದ ಬಂದಂತೆ ಕೇಳುತ್ತದೆ. ಪೊಟ್ಟಣದ ಮೇಲೆ ಮೂವತ್ತು ಡೆಸಿಬೆಲ್ ತಗ್ಗಿಸುತ್ತದೆ ಎಂದು ಬರೆದಿದ್ದರೂ ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲ, ಹದಿನೈದು ಸಿಕ್ಕರೂ ಲಾಭವೇ. ಮೇಲಿನ ಲೆಕ್ಕದಲ್ಲಿ 100 ಇದ್ದದ್ದು 85ಕ್ಕೆ ಇಳಿದರೆ, ಹದಿನೈದು ನಿಮಿಷದ ಮಿತಿ ಎಂಟು ಗಂಟೆಯಾಯಿತು.

ಹತ್ತಿ ತುರುಕುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಅದು ಗಾಳಿಯನ್ನು ತಡೆದೀತು, ಈ ಮಟ್ಟದ ಸದ್ದನ್ನು ತಡೆಯುವುದಿಲ್ಲ. ಕರವಸ್ತ್ರ, ಕಾಗದದ ಉಂಡೆಗಳೂ ಅಷ್ಟೇ, ಜೊತೆಗೆ ಒಳಗೆ ಸಿಕ್ಕಿಕೊಳ್ಳುವ ಭಯ ಬೇರೆ.

ಸ್ಪಂಜಿನ ಪ್ಲಗ್ ಮಣ್ಣಾದರೆ, ಗಟ್ಟಿಯಾದರೆ ಬಿಸಾಡಿ. ತೊಳೆದು ಬಳಸುವ ಸಿಲಿಕೋನ್ ಪ್ಲಗ್ ಆದರೆ ಸೋಪು ನೀರಲ್ಲಿ ತೊಳೆದು, ಚೆನ್ನಾಗಿ ಆರಿಸಿ, ಡಬ್ಬಿಯಲ್ಲಿಡಿ. ಅಣ್ಣ ತಮ್ಮಂದಿರೇ ಆದರೂ ಒಬ್ಬರದ್ದನ್ನು ಇನ್ನೊಬ್ಬರು ಹಾಕಬಾರದು. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆಯಲ್ಲಿ ತೂತಿದ್ದರೆ ಡಾಕ್ಟರನ್ನು ಕೇಳದೆ ಪ್ಲಗ್ ಬೇಡ. ಗುಗ್ಗೆ ತೆಗೆಯಲು ಕಡ್ಡಿ, ಪಿನ್ನು ಹಾಕುವವರ ಕಿವಿಯಲ್ಲಿ ಗುಗ್ಗೆ ಇನ್ನೂ ಒಳಗೆ ಹೋಗಿರುತ್ತದೆ, ಅದರ ಮೇಲೆ ಪ್ಲಗ್ ಒತ್ತಿದರೆ ಗೋಡೆ ಕಟ್ಟಿದಂತೆ.

ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಮಕ್ಕಳಿಗೆ ಒಳ್ಳೆಯದು. ಚಿಕ್ಕ ಮಕ್ಕಳ ಕಿವಿಗೆ ಪ್ಲಗ್ ಹಾಕಬೇಡಿ, ಬಾಯಿಗೆ ಹೋದರೆ ಉಸಿರು ಕಟ್ಟುತ್ತದೆ. ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ವಿಶೇಷ ಸೂಚನೆ. ತಲೆವಸ್ತ್ರದ ಮೇಲಿನಿಂದ ಇಯರ್‌ಮಫ್ ಹಾಕಿದರೆ ಬಟ್ಟೆಯ ಮಡಿಕೆಯ ಸಂದಿನಿಂದ ಸದ್ದು ಒಳಗೆ ನುಗ್ಗುತ್ತದೆ, ಅರ್ಧ ರಕ್ಷಣೆ ಅಲ್ಲೇ ಸೋರಿಹೋಗುತ್ತದೆ. ಮಫ್ಫನ್ನು ಚರ್ಮಕ್ಕೆ ತಾಗುವಂತೆ ಮೊದಲು ಹಾಕಿ, ಅದರ ಮೇಲೆ ವಸ್ತ್ರ ಸುತ್ತಿಕೊಳ್ಳಿ. ಅದು ಕಷ್ಟವಾದರೆ ಮನೆಯಿಂದ ಹೊರಡುವ ಮೊದಲೇ ಪ್ಲಗ್ ಹಾಕಿಕೊಂಡು ಹೋಗುವುದು ಸುಲಭ. ಕನ್ನಡಕದ ಕಡ್ಡಿ, ಉಣ್ಣೆಯ ಟೋಪಿಗಳಿಂದಲೂ ಇದೇ ತೊಂದರೆ.

ಕೈಗೂಸನ್ನು ಪಂದ್ಯಕ್ಕೆ ಒಯ್ಯುವುದೇ ಬೇಡ. ಕಿವಿ ನೋಯುತ್ತಿದೆ ಎಂದು ಅದು ಹೇಳಲಾರದು.

ಕೂರುವ ಜಾಗವನ್ನೂ ನೋಡಿಕೊಳ್ಳಿ. ವಾದ್ಯವೃಂದದ ಮುಂದಿನ ಸಾಲು, ಸ್ಪೀಕರಿನ ನೇರ ಕೆಳಗೆ, ವಿದ್ಯಾರ್ಥಿಗಳ ಗ್ಯಾಲರಿಯ ನಟ್ಟನಡುವೆ ಸದ್ದು ಹೆಚ್ಚು. ಪಂದ್ಯದಲ್ಲಿ ಇಪ್ಪತ್ತು ನಿಮಿಷದ ಮೂರು ಅವಧಿಗಳು, ನಡುವೆ ಎರಡು ವಿರಾಮ. ವಿರಾಮದಲ್ಲಿ ಒಳಗೆ ಕೂತು ಸಂಗೀತ ಕೇಳುವ ಬದಲು ಹೊರಗಿನ ಮೊಗಸಾಲೆಗೆ ಹೋಗಿ ನೀರು ಕುಡಿದು ಬನ್ನಿ. ಕಿವಿಗೂ ಗಂಟಲಿಗೂ ಅದು ಬೇಕು. ಎದುರಿಗೆ ಕೈ ಅಳತೆಯಲ್ಲಿರುವವರೊಡನೆ ಮಾತಾಡಲು ಕಿರುಚಬೇಕಾಗಿದೆ ಎಂದರೆ ಸದ್ದು ಅಪಾಯದ ಮಟ್ಟದಲ್ಲಿದೆ ಎಂದೇ ಲೆಕ್ಕ, ಇದಕ್ಕೆ ಯಂತ್ರ ಬೇಕಿಲ್ಲ. ಪಂದ್ಯ ಮುಗಿಸಿ ಬಂದ ರಾತ್ರಿ ಮತ್ತು ಮರುದಿನ ಇಯರ್‌ಫೋನ್ ಮುಟ್ಟದೆ ಕಿವಿಯನ್ನು ಸುಮ್ಮನೆ ಬಿಡಿ.

ಗುಂಯ್ ಸದ್ದು ಅಥವಾ ಮಂದ ಕೇಳುವಿಕೆ ಎರಡು ದಿನ ಕಳೆದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಬೇಕು. ಒಂದು ಕಿವಿ ಒಮ್ಮಿಂದೊಮ್ಮೆಲೇ ಕೇಳದಂತಾದರೆ, ತಲೆ ಸುತ್ತು ಬಂದರೆ ಎರಡು ದಿನವೂ ಕಾಯಬೇಡಿ. ಅದು ತುರ್ತು. ಮೊದಲ ದಿನಗಳಲ್ಲೇ ಶುರುಮಾಡಿದ ಔಷಧಿಯಿಂದ ಕೆಲವರಿಗೆ ಶ್ರವಣ ಮರಳುತ್ತದೆ, ವಾರಗಳು ಕಳೆದಂತೆ ಆ ಅವಕಾಶ ಕಿರಿದಾಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆಂದೇ ಆರೋಗ್ಯ ಕೇಂದ್ರ ಇರುತ್ತದೆ. ಖರ್ಚಿಗೆ ಹೆದರಿ ರಜೆಗೆ ಊರಿಗೆ ಬಂದಾಗ ತೋರಿಸೋಣ ಎಂದು ಮಕ್ಕಳು ಮುಂದೂಡುತ್ತಾರೆ. ಮೊದಲು ಆ ಕೇಂದ್ರಕ್ಕೆ ಫೋನ್ ಮಾಡಿ, ವಿಮೆಯಲ್ಲಿ ಏನೇನು ಸೇರಿದೆ ಎಂದು ಅಲ್ಲೇ ಕೇಳಲು ಹೇಳಿ.